ನೆಲ ಬಿಡುವ ವಿದ್ಯೆ: ಗ್ಲೆನ್ ಕರ್ಟಿಸನ ಜೀವನಚರಿತ್ರೆ

ಮಾನವನು ಆಕಾಶವನ್ನು ಗೆದ್ದ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಎತ್ತರವನ್ನೂ ದೂರವನ್ನೂ ವೇಗವನ್ನೂ ಎಣಿಸಿ ಕೊಂಡಾಡುತ್ತಾರೆ. ಆ ಕಥೆಯ ಮೊದಲ ಕೆಲವು ನೂರು ಅಡಿಗಳ ಓಟವನ್ನು, ಎಂದರೆ ಗಾಲಿಗಳು ಇನ್ನೂ ಹುಲ್ಲಿನ ಮೇಲೆ ಉರುಳುತ್ತಿದ್ದು ರೆಕ್ಕೆಗಳು ಭಾರವನ್ನು ಪೂರ್ಣವಾಗಿ ಹೊರಲಾರದ ಆ ಕ್ಷಣಗಳನ್ನು, ವಿಚಾರಿಸುವವರು ಕಡಮೆ. ವಿಮಾನವಿದ್ಯೆಯ ಇತಿಹಾಸದಲ್ಲಿ ಎಷ್ಟೋ ಪ್ರಾಣಗಳು ಮೈದಾನದ ಅಂಚಿನಲ್ಲಿಯೇ, ಮರದ ತುದಿಯಷ್ಟು ಎತ್ತರವನ್ನೂ ಮುಟ್ಟುವ ಮೊದಲೇ, ಹೋಗಿವೆ. ಈ ಕ್ಷಣಗಳ ವಿದ್ಯೆಯನ್ನು ಸ್ವಂತ ಕೈಯಿಂದ ಕಲಿತು, ಅನೇಕರಿಗೆ ಕಲಿಸಿ, ಒಂದೇ ಒಂದು ಸಲ ಅದರ ಧರ್ಮವನ್ನು ತಾನೇ ಮರೆತ ಪುರುಷನೊಬ್ಬನ ಚರಿತ್ರೆಯನ್ನು ನಾವು ಇಂದು ವಾಚಕರ ಮುಂದೆ ಇಡಬಯಸುತ್ತೇವೆ. ಅವನೇ ಅಮೇರಿಕದ ಗ್ಲೆನ್ ಹ್ಯಾಮಂಡ್ ಕರ್ಟಿಸ್.

ಕಾಲವಾಗಿ ಎಷ್ಟೋ ದಶಕಗಳು ಸಂದ ಈ ಪರದೇಶದವನ ಸ್ಮರಣೆ ಈಗೇಕೆ ಎಂದು ಯಾರಾದರೂ ಕೇಳಬಹುದು. ಇಂದು ಲೋಕದ ನಾನಾ ದೇಶಗಳಲ್ಲಿ ಸಾಮಾನ್ಯ ಗೃಹಸ್ಥರು ತಮ್ಮ ಮನೆಯ ಗ್ಯಾರೇಜಿನಲ್ಲೋ ಊರಾಚೆಯ ಕೊಟ್ಟಿಗೆಯಲ್ಲೋ ಒಬ್ಬರು ಇಬ್ಬರು ಕೂರುವಂಥ ಸಣ್ಣ ವಿಮಾನಗಳನ್ನು ಸ್ವಹಸ್ತದಿಂದ ಕಟ್ಟಿ ಹಾರಿಸುತ್ತಿದ್ದಾರೆ. ಅವುಗಳಲ್ಲಿ ಅನೇಕವು ಮೂತಿಯ ಕೆಳಗೆ ಒಂದು, ರೆಕ್ಕೆಯ ಕೆಳಗೆ ಎರಡು, ಹೀಗೆ ಮೂರು ಗಾಲಿಗಳುಳ್ಳವು. ಇಂಥ ಯಂತ್ರವನ್ನು ನೆಲದಿಂದ ಬಿಡಿಸುವ ಕ್ರಮವನ್ನು ಕುರಿತು ಕಟ್ಟುವವರಲ್ಲಿ ಇಂದಿಗೂ ಚರ್ಚೆ ಮುಗಿದಿಲ್ಲ. ಮೂರು ಗಾಲಿಯ ವಿಮಾನಕ್ಕೆ ಅಮೇರಿಕದಲ್ಲಿ ರೂಢಿಯನ್ನು ತಂದವರಲ್ಲಿ ಕರ್ಟಿಸನು ಅಗ್ರಗಣ್ಯನು. ಆದಕಾರಣ ಈ ಚರ್ಚೆಗೆ ಅವನ ಜೀವನಕ್ಕಿಂತ ಒಳ್ಳೆಯ ಪೀಠಿಕೆ ಬೇರೊಂದಿಲ್ಲವೆಂದು ನಮ್ಮ ಅಭಿಪ್ರಾಯ.

ಕರ್ಟಿಸನು 1878ನೆಯ ಇಸವಿ ಮೇ 21ರಂದು ನ್ಯೂಯಾರ್ಕ್ ಸಂಸ್ಥಾನದ ಹ್ಯಾಮಂಡ್ಸ್‌ಪೋರ್ಟ್ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ಕ್ಯೂಕಾ ಎಂಬ ಸರೋವರದ ತಲೆಯಲ್ಲಿರುವ ಈ ಊರು ದ್ರಾಕ್ಷಿ ತೋಟಗಳಿಗೆ ಹೆಸರಾದುದು. ಮಗುವಿಗೆ ನಾಲ್ಕು ವರ್ಷವಾಗಿದ್ದಾಗಲೇ ತಂದೆ ತೀರಿಕೊಂಡನು. ತಂಗಿ ರೂಥಾ ಮಿದುಳಿನ ಪೊರೆಯ ಜ್ವರದಿಂದ ಕಿವುಡಿಯಾದಳು. ಅವಳ ವಿದ್ಯಾಭ್ಯಾಸಕ್ಕಾಗಿ ಸಂಸಾರವು ರಾಚೆಸ್ಟರ್ ಪಟ್ಟಣಕ್ಕೆ ಹೋಗಬೇಕಾಯಿತು. ಎಂಟನೆಯ ತರಗತಿಯೊಡನೆ ಗ್ಲೆನ್ನನ ಶಾಲೆ ಮುಗಿಯಿತು. ಛಾಯಾಚಿತ್ರದ ಸಾಮಗ್ರಿಗಳನ್ನು ಮಾಡುವ ಈಸ್ಟ್‌ಮನ್ ಕಂಪನಿಯಲ್ಲಿ ಕೂಲಿಗೆ ನಿಂತು, ಬಳಿಕ ತಂತಿ ಕಚೇರಿಯ ಹುಡುಗನಾಗಿ ಬೈಸಿಕಲ್ಲಿನ ಮೇಲೆ ಊರೆಲ್ಲ ಸುತ್ತಿ, ಅವನು ತಾಯಿಗೂ ತಂಗಿಗೂ ಆಸರೆಯಾದನು. ವಿಶ್ವವಿದ್ಯಾನಿಲಯದ ಮುಖವನ್ನೇ ಕಾಣದ ಈ ಹುಡುಗನು ಮುಂದೆ ಟೆಲಿಫೋನಿನ ಜನಕನಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನಂಥ ಪಂಡಿತನಿಗೆ ಸಹೋದ್ಯೋಗಿಯಾದನೆಂಬುದು ಗಮನಿಸತಕ್ಕ ಸಂಗತಿ.

1898ರಲ್ಲಿ ಲೀನಾ ನೆಫ್ ಎಂಬವಳನ್ನು ಮದುವೆಯಾಗಿ, ಸ್ವಂತ ಊರಿಗೆ ಮರಳಿ, ಅವನು ಬೈಸಿಕಲ್ಲುಗಳ ಅಂಗಡಿಯನ್ನು ಇಟ್ಟನು. ತುಳಿದು ಸಾಲದಾಗ ಬೈಸಿಕಲ್ಲಿಗೆ ಎಂಜಿನ್ ಕಟ್ಟುವ ಹಂಬಲ ಹುಟ್ಟಿತು. ಮೊದಲ ಎಂಜಿನ್ನಿಗೆ ಪೆಟ್ರೋಲನ್ನೂ ಗಾಳಿಯನ್ನೂ ಬೆರಸುವ ಸಾಧನವಾಗಿ ಅವನು ಉಪಯೋಗಿಸಿದ್ದು ಒಂದು ಖಾಲಿ ಟೊಮೇಟೋ ಡಬ್ಬ. ಕೆಲವೇ ವರ್ಷಗಳಲ್ಲಿ ಕರ್ಟಿಸನ ಮೋಟಾರ್ ಸೈಕಲ್ಲುಗಳು ದೇಶದಲ್ಲೆಲ್ಲ ಹೆಸರಾದವು. 1907ರ ಜನವರಿಯಲ್ಲಿ ಫ್ಲಾರಿಡಾದ ಆರ್ಮಂಡ್ ಕಡಲದಂಡೆಯಲ್ಲಿ, ಎಂಟು ಸಿಲಿಂಡರಿನ ಎಂಜಿನ್ ಹೊತ್ತ ಮೋಟಾರ್ ಸೈಕಲ್ಲಿನ ಮೇಲೆ ಮಲಗಿದಂತೆ ಬಗ್ಗಿ, ಅವನು ಒಂದು ಮೈಲನ್ನು 26.4 ಸೆಕೆಂಡುಗಳಲ್ಲಿ ಓಡಿದನು. ಘಂಟೆಗೆ 136 ಮೈಲಿಗೂ ಮೀರಿದ ವೇಗವದು. ಆ ದಿನ ಅವನಷ್ಟು ವೇಗವಾಗಿ ಚಲಿಸಿದ್ದ ಮನುಷ್ಯನು ಭೂಮಿಯ ಮೇಲೆ ಇರಲಿಲ್ಲ. ವೇಗವೆಂಬುದನ್ನು ಬೇಡಿ ಪಡೆಯಲಾಗದು, ಓಡಿಯೇ ಗಳಿಸಬೇಕು ಎಂಬ ಅರಿವು ಅವನ ಎಲುಬಿನಲ್ಲಿ ಹೊಕ್ಕಿದ್ದು ಆ ಮರಳ ದಂಡೆಗಳ ಮೇಲೆಯೇ ಇರಬೇಕು.

ಅವನ ಎಂಜಿನ್ನುಗಳು ಹಗುರವಾಗಿಯೂ ಬಲವಾಗಿಯೂ ಇದ್ದುದರಿಂದ ಆಕಾಶನೌಕೆಗಳನ್ನು ಹಾರಿಸುವವರು ಅವನನ್ನು ಹುಡುಕಿಕೊಂಡು ಬಂದರು. 1904ರಲ್ಲಿ ಥಾಮಸ್ ಬಾಲ್ಡ್ವಿನ್ನನ ಆಕಾಶನೌಕೆ ಹಾರಿದ್ದು ಕರ್ಟಿಸನ ಎಂಜಿನ್ನಿನಿಂದ. ಬೆಲ್ಲನೂ ಅದೇ ಕಾರಣಕ್ಕೆ ಅವನನ್ನು ಅರಸಿದನು. 1907ರ ಅಕ್ಟೋಬರಿನಲ್ಲಿ ಬೆಲ್, ಕರ್ಟಿಸ್, ಮೆಕರ್ಡಿ, ಇನ್ನೊಬ್ಬ ಬಾಲ್ಡ್ವಿನ್ ಮತ್ತು ಸೈನ್ಯದ ಲೆಫ್ಟಿನೆಂಟ್ ಸೆಲ್ಫ್ರಿಜ್, ಈ ಐವರು ಸೇರಿ ವೈಮಾನಿಕ ಪ್ರಯೋಗಗಳ ಸಂಘವೊಂದನ್ನು ಸ್ಥಾಪಿಸಿದರು. ಅದಕ್ಕೆ ಹಣವನ್ನು ಕೊಟ್ಟವಳು ಬೆಲ್ಲನ ಪತ್ನಿ ಮೇಬಲ್. ಸಂಘದ ಮೊದಲ ವಿಮಾನವು 1908ರ ಮಾರ್ಚ್ 12ರಂದು ಹೆಪ್ಪುಗಟ್ಟಿದ ಕ್ಯೂಕಾ ಸರೋವರದ ಮೇಲೆ ಜಾರುದಂಡಗಳ ಮೇಲೆ ಓಡಿ 319 ಅಡಿಗಳಷ್ಟು ಹಾರಿತು. ಹಿಮ ಕರಗಿದ ಮೇಲೆ ಜಾರುದಂಡಗಳಿಂದ ಪ್ರಯೋಜನವಿಲ್ಲ. ಎರಡನೆಯ ವಿಮಾನಕ್ಕೆ ಮೂರು ಗಾಲಿಗಳನ್ನು ಜೋಡಿಸಿದರು. ಬೈಸಿಕಲ್ಲಿನ ಅಂಗಡಿಯವನು ಇದ್ದ ಸಂಘಕ್ಕೆ ಇದು ಸಹಜವಾದ ಆಲೋಚನೆಯಾಗಿದ್ದಿತು. ಕರ್ಟಿಸನು ತನ್ನ ಮೂವತ್ತನೆಯ ಹುಟ್ಟುಹಬ್ಬದ ದಿನ, 1908ರ ಮೇ 21ರಂದು, ಅದರಲ್ಲಿ 1,017 ಅಡಿ ಹಾರಿದನು. ಅದೇ ಅವನ ಪ್ರಥಮ ಉಡ್ಡಯನ.

ಗಾಲಿಗಳ ಈ ವಿಷಯವನ್ನು ವಾಚಕರು ಅಲ್ಪವೆಂದು ಎಣಿಸಬಾರದು. ರೈಟ್ ಸೋದರರು 1903ರಲ್ಲಿ ಜಗತ್ತಿನ ಪ್ರಥಮ ವಿಮಾನವನ್ನು ಹಾರಿಸಿದರಾದರೂ ಅವರ ಯಂತ್ರವು ಕಂಬಿಯ ಮೇಲೆ ಓಡಿ ಏಳುತ್ತಿದ್ದಿತು. 1904ರಿಂದ ಅವರು ಎತ್ತರದ ಗೋಪುರದಿಂದ ಭಾರವಾದ ತೂಕವನ್ನು ಕೆಡವಿ, ಹಗ್ಗದ ಮೂಲಕ ವಿಮಾನವನ್ನು ಮುಂದಕ್ಕೆ ಸೆಳೆಯುವ ಉಪಾಯವನ್ನೂ ಮಾಡಿಕೊಂಡರು. ಕಂಬಿಯೂ ಗೋಪುರವೂ ಇಲ್ಲದ ಕಡೆ ಇಳಿದರೆ ಮತ್ತೆ ಏಳುವುದು ದುಸ್ತರ. ಗಾಲಿಯ ವಿಮಾನಕ್ಕೆ ಈ ಪರಾಧೀನತೆಯಿಲ್ಲ. ಹುಲ್ಲುಗಾವಲೊಂದು ಸಿಕ್ಕರೆ ಸಾಕು, ತನ್ನ ಬಲದಿಂದಲೇ ಓಡಿ, ತನ್ನ ವೇಗದಿಂದಲೇ ಏಳಬೇಕು. ಸ್ವತಂತ್ರವಾಗಿ ಏಳಬಯಸುವ ಯಂತ್ರವು ತಾನೇ ವೇಗವನ್ನು ಗಳಿಸಬೇಕಾದುದರಿಂದ, ಅದನ್ನು ನಡೆಸುವವನ ಮೇಲೆ ಹೊಸದೊಂದು ಜವಾಬ್ದಾರಿ ಬಿದ್ದಿತು: ಯಾವ ಕ್ಷಣದಲ್ಲಿ ಮೂತಿಯನ್ನು ಎತ್ತಬೇಕು, ಎಷ್ಟು ಎತ್ತಬೇಕು ಎಂಬುದನ್ನು ನಿರ್ಣಯಿಸುವ ಜವಾಬ್ದಾರಿ.

ಮೂತಿಯ ಗಾಲಿಯ ಗುಣವನ್ನು ನಮ್ಮ ಎತ್ತಿನ ಬಂಡಿಯಿಂದ ತಿಳಿಯಬಹುದು. ಎತ್ತುಗಳು ಮುಂದೆ ಎಳೆಯುವ ಬಂಡಿ ಕೊಂಚ ಓರೆಯಾದರೂ ತಾನಾಗಿ ನೆಟ್ಟಗಾಗುತ್ತದೆ. ಅದೇ ಬಂಡಿಯನ್ನು ಮೂಕಿ ಹಿಡಿದು ಹಿಂದಕ್ಕೆ ತಳ್ಳಿದರೆ ಸ್ವಲ್ಪ ಓರೆಯಾದುದು ಕ್ಷಣದಲ್ಲಿ ಅಡ್ಡ ತಿರುಗುತ್ತದೆ. ವಿಮಾನದ ಗುರುತ್ವಕೇಂದ್ರವು ದೊಡ್ಡ ಗಾಲಿಗಳಿಗಿಂತ ಮುಂದಿದ್ದರೆ ಅದು ಎಳೆದ ಬಂಡಿ. ಹಿಂದಿದ್ದರೆ ತಳ್ಳಿದ ಬಂಡಿ. ಮೂತಿಯ ಗಾಲಿಯುಳ್ಳದ್ದು ಮೊದಲನೆಯ ಬಗೆ, ಬಾಲದ ಮೇಲೆ ಕುಳಿತು ಓಡುವುದು ಎರಡನೆಯ ಬಗೆ. ಆದರೆ ಮೂತಿಯ ಗಾಲಿಯ ಸೌಲಭ್ಯಕ್ಕೆ ಬೆಲೆಯೂ ಉಂಟು. ಮೂರು ಗಾಲಿಗಳ ಮೇಲೆ ಸಮವಾಗಿ ನಿಂತ ವಿಮಾನದ ರೆಕ್ಕೆಗಳು ಗಾಳಿಗೆ ಹೆಚ್ಚು ಕಡಮೆ ಚಪ್ಪಟೆಯಾಗಿರುತ್ತವೆ. ಚುಕ್ಕಾಣಿ ಹಿಡಿದವನು ಮೂತಿಯನ್ನು ಎತ್ತಿ ಕೋನವನ್ನು ಕೊಡುವ ತನಕ ಅವು ಪೂರ್ತಿಯಾಗಿ ಎತ್ತಲಾರವು. ಬೇಗ ಎತ್ತಿದರೆ ಗಾಳಿಯ ಅಡ್ಡಿ ಹೆಚ್ಚಿ ವೇಗವೇ ಬೆಳೆಯದು. ತಡಮಾಡಿದರೆ, ಅಥವಾ ಹೆದರಿ ಮೂತಿಯನ್ನು ಕೆಳಕ್ಕೆ ಒತ್ತಿದರೆ, ಭಾರವೆಲ್ಲ ಸಣ್ಣ ಗಾಲಿಯೊಂದರ ಮೇಲೆ ಬಿದ್ದು ಯಂತ್ರವು ಒಂಟಿಗಾಲಿಯ ಕೈಗಾಡಿಯಂತೆ ಅತ್ತಿತ್ತ ಹೊರಳುತ್ತದೆ. ಸರಿಯಾದ ಹದವು ಇವೆರಡರ ನಡುವಿನ ಕಿರುದಾರಿ.

ಈ ಕಿರುದಾರಿಯನ್ನು ಕರ್ಟಿಸನು ಜನರೆದುರು ತುಳಿದದ್ದು ಸಂಘದ ಮೂರನೆಯ ವಿಮಾನವಾದ ಜೂನ್ ಬಗ್‌ನಲ್ಲಿ. ರೆಕ್ಕೆಗಳ ಬಟ್ಟೆಯ ಮೂಲಕ ಗಾಳಿ ನುಸುಳಿಹೋಗುತ್ತಿದ್ದುದರಿಂದ ಅದಕ್ಕೆ ವಾರ್ನಿಷನ್ನು ಬಳಿದಿದ್ದರು. 1908ರ ಜುಲೈ 4, ಅಮೇರಿಕದವರ ಸ್ವಾತಂತ್ರ್ಯದಿನ. ಒಂದು ಕಿಲೋಮೀಟರ್ ದೂರವನ್ನು ನೇರವಾಗಿ ಹಾರಿದವನಿಗೆ ಸೈಂಟಿಫಿಕ್ ಅಮೇರಿಕನ್ ಪತ್ರಿಕೆಯ ಪಾರಿತೋಷಕ. ಮೊದಲ ಪ್ರಯತ್ನದಲ್ಲಿ ಬಾಲವು ತಪ್ಪು ಕೋನದಲ್ಲಿದ್ದುದರಿಂದ ಯಂತ್ರವು ತಾನಾಗಿಯೇ ಮೇಲಕ್ಕೆ ಏರತೊಡಗಿತು. ನೆರೆದ ಜನರು ಹರ್ಷಿಸುತ್ತಿದ್ದಾಗಲೂ ಕರ್ಟಿಸನು ಆ ಏರಿಕೆಯನ್ನು ನಂಬಲಿಲ್ಲ. ಎಂಜಿನ್ನನ್ನು ನಿಲ್ಲಿಸಿ, ಗುರಿ ಮುಟ್ಟುವ ಮೊದಲೇ ಇಳಿದು, ಬಾಲವನ್ನು ಸರಿಪಡಿಸಿಕೊಂಡನು. ಸಂಜೆ ಮತ್ತೊಮ್ಮೆ ಓಡಿ, ಎದ್ದು, ಬೇಕಾದ ದೂರವನ್ನು ಮೀರಿ 5,090 ಅಡಿ ಹಾರಿದನು. ಪಾರಿತೋಷಕಕ್ಕಿಂತಲೂ ನಡುವೆ ಇಳಿದ ಆ ವಿವೇಕವನ್ನೇ ನಾವು ಹೆಚ್ಚೆಂದು ಎಣಿಸುತ್ತೇವೆ. ಅದೇ ವರ್ಷದ ಸೆಪ್ಟೆಂಬರ್ 17ರಂದು ಸಂಘದ ಸೆಲ್ಫ್ರಿಜ್ಜನು ಆರ್ವಿಲ್ ರೈಟನೊಡನೆ ಹಾರುತ್ತಿದ್ದಾಗ ವಿಮಾನವು ಬಿದ್ದು ಮೃತನಾದನು. ಎಂಜಿನ್ ವಿಮಾನದ ಅಪಘಾತದಲ್ಲಿ ಪ್ರಾಣ ತೆತ್ತವರಲ್ಲಿ ಅವನೇ ಮೊದಲಿಗನು. ಗೆಳೆಯನ ಮರಣವು ಕರ್ಟಿಸನ ಎಚ್ಚರವನ್ನು ಇನ್ನಷ್ಟು ಬಲಪಡಿಸಿರಬೇಕೆಂದು ಊಹಿಸುವುದು ಅಸಂಗತವಾಗಲಾರದು.

ಮುಂದಿನ ಎರಡು ವರ್ಷಗಳು ಅವನ ಕೀರ್ತಿಯ ಕಾಲ. 1909ರ ಆಗಸ್ಟಿನಲ್ಲಿ ಫ್ರಾನ್ಸಿನ ರೀಮ್ಸ್ ನಗರದ ಬಳಿ ನಡೆದ ಪಂದ್ಯಗಳಿಗೆ ಅವನು ಒಂದೇ ವಿಮಾನವನ್ನು ಒಯ್ದಿದ್ದನು. ಅದು ಮುರಿದೀತೆಂದು ಮುಖ್ಯ ಪಂದ್ಯಕ್ಕೆ ಮೊದಲು ಇತರ ಪಂದ್ಯಗಳಿಂದ ಅವನು ಹೆಚ್ಚಾಗಿ ದೂರವಿದ್ದನು. ಮುಖ್ಯ ಪಂದ್ಯದ ದಿನ ಗೆರೆಯನ್ನು ದಾಟುವ ಮೊದಲೇ ಎತ್ತರಕ್ಕೆ ಏರಿ, ಆ ಎತ್ತರವನ್ನು ವೇಗವಾಗಿ ಮಾರ್ಪಡಿಸಿಕೊಂಡು ಧಾವಿಸಿ, 20 ಕಿಲೋಮೀಟರನ್ನು 16 ನಿಮಿಷದೊಳಗೆ ಮುಗಿಸಿದನು. ಇಂಗ್ಲಿಷ್ ಕಡಲಗಾಲುವೆಯನ್ನು ಹಾರಿದ ಬ್ಲೇರಿಯೋ ಸುಮಾರು 6 ಸೆಕೆಂಡುಗಳಿಂದ ಸೋತನು. 1910ರ ಮೇ 29ರಂದು ಆಲ್ಬನಿಯಿಂದ ನ್ಯೂಯಾರ್ಕಿಗೆ ಹಡ್ಸನ್ ನದಿಯ ಮೇಲೆ ಹಾರಿ 10,000 ಡಾಲರುಗಳ ಬಹುಮಾನವನ್ನು ಗಳಿಸಿದನು. ಆ ಪ್ರಯಾಣಕ್ಕೆ ಮೊದಲು ಗಾಳಿ ಅನುಕೂಲವಾಗಲೆಂದು ಅವನು ದಿನಗಟ್ಟಲೆ ಕಾದಿದ್ದನು. ಪತ್ರಿಕೆಗಳು ಪರಿಹಾಸ ಮಾಡಿದರೂ ಅವನು ನೆಲ ಬಿಡಲಿಲ್ಲ.

ಈ ತಾಳ್ಮೆಯನ್ನು ಅವನು ಶಿಷ್ಯರಿಗೆ ಕಲಿಸಿದ ರೀತಿ ಕುತೂಹಲಕರವಾದುದು. ಆ ಕಾಲದ ಕರ್ಟಿಸ್ ವಿಮಾನದಲ್ಲಿ ಒಬ್ಬನಿಗೇ ಸ್ಥಳ. ಗುರುವು ಪಕ್ಕದಲ್ಲಿ ಕೂರುವಂತಿರಲಿಲ್ಲ. ಎಂಜಿನ್ನೂ ಪ್ರೊಪೆಲ್ಲರೂ ಬೆನ್ನ ಹಿಂದೆ, ಎತ್ತರವನ್ನು ಆಳುವ ಹಲಗೆ ಮುಂದೆ, ಕಾಲ ಕೆಳಗೆ ಮೂತಿಯ ಗಾಲಿ. ರೆಕ್ಕೆಯ ತುದಿಗಳ ಹಲಗೆಗಳನ್ನು ಭುಜವನ್ನು ಓಲಿಸಿ ತಿರುಗಿಸಬೇಕು. ಇಂಥ ಯಂತ್ರದಲ್ಲಿ ಹೊಸಬನನ್ನು ಕೂರಿಸಿ, ಎಂಜಿನ್ನು ಪೂರ್ಣ ಬಲಕ್ಕೆ ಹೋಗದಂತೆ ತಡೆಯನ್ನು ಇಟ್ಟು, ಮೈದಾನದ ಈ ತುದಿಯಿಂದ ಆ ತುದಿಗೆ ನೇರವಾಗಿ ಓಡಿಸಲು ಹೇಳುತ್ತಿದ್ದನು. ಹುಲ್ಲು ಕತ್ತರಿಸುವ ಕೆಲಸವೆಂದು ಶಿಷ್ಯರು ಅದನ್ನು ತಮಾಷೆ ಮಾಡುತ್ತಿದ್ದರು. ದಿನಗಟ್ಟಲೆ ಓಡಿ ನೇರ ಹೋಗಲು ಬಂದ ಮೇಲೆ ತಡೆಯನ್ನು ತುಸು ಸಡಿಲಿಸಿ ಸಣ್ಣ ನೆಗೆತಗಳು, ಆಮೇಲೆ ನೇರ ಹಾರಾಟ, ಕಡೆಗೆ ತಿರುವುಗಳು. 1910ರ ಸೆಪ್ಟೆಂಬರಿನಲ್ಲಿ ಬ್ಲಾಂಚ್ ಸ್ಟೂಅರ್ಟ್ ಸ್ಕಾಟ್ ಎಂಬ ಶಿಷ್ಯೆ ಹೀಗೆ ಓಡುತ್ತಿದ್ದಾಗ ಗಾಳಿಯ ಬೀಸಿನಿಂದಲೋ ತಡೆ ಸರಿದುದರಿಂದಲೋ ವಿಮಾನವು ಸುಮಾರು 40 ಅಡಿ ಮೇಲೆದ್ದಿತು. ಅವಳು ಧೈರ್ಯಗೆಡದೆ ಮೃದುವಾಗಿ ಇಳಿಸಿದಳು. ಓಡುವ ಯಂತ್ರವು ಯಾವ ಕ್ಷಣದಲ್ಲಾದರೂ ಹಾರುವ ಯಂತ್ರವಾಗಬಹುದೆಂಬ ಈ ಪಾಠವನ್ನು ಇಂದು ಹೊಸ ವಿಮಾನವನ್ನು ಮೈದಾನದಲ್ಲಿ ವೇಗವಾಗಿ ಓಡಿಸಿ ಪರೀಕ್ಷಿಸುವವರೂ ನೆನಪಿನಲ್ಲಿಡಬೇಕು.

1910ರ ನವೆಂಬರ್ 14ರಂದು ಯೂಜೀನ್ ಈಲಿ ಎಂಬ ವೈಮಾನಿಕನು ಕರ್ಟಿಸ್ ವಿಮಾನದಲ್ಲಿ ಬರ್ಮಿಂಗ್‌ಹ್ಯಾಂ ಎಂಬ ಯುದ್ಧನೌಕೆಯ ಮೇಲಿನಿಂದ ಹಾರಿದನು. ಹಡಗಿನಿಂದ ವಿಮಾನವು ಎದ್ದದ್ದು ಲೋಕದಲ್ಲಿ ಅದೇ ಮೊದಲು. ಓಡಲು ಇದ್ದುದು 83 ಅಡಿಗಳ ಹಲಗೆ ಮಾತ್ರ. ಅಷ್ಟರಲ್ಲಿ ಸಾಕಷ್ಟು ವೇಗ ಬರಲಿಲ್ಲ. ಹಲಗೆಯ ಅಂಚನ್ನು ದಾಟಿದೊಡನೆ ವಿಮಾನವು ಕೆಳಕ್ಕೆ ಕುಸಿಯಿತು. ಮೂತಿಯನ್ನು ಹಟದಿಂದ ಮೇಲಕ್ಕೆ ಎಳೆದಿದ್ದರೆ ಅವನು ಅಲ್ಲಿಯೇ ಮುಳುಗುತ್ತಿದ್ದನು. ಕೆಳಗಿದ್ದ ಎತ್ತರವನ್ನೆಲ್ಲ ಅವನು ವೇಗಕ್ಕಾಗಿ ತೆತ್ತನು. ಗಾಲಿಗಳು ನೀರನ್ನು ಮುಟ್ಟಿದವು, ಪ್ರೊಪೆಲ್ಲರಿನ ತುದಿಗಳು ಒಡೆದವು. ಅಷ್ಟರಲ್ಲಿ ರೆಕ್ಕೆಗಳಿಗೆ ಬೇಕಾದ ವೇಗ ಒದಗಿ ವಿಮಾನವು ಎದ್ದು ದಡ ಸೇರಿತು. ಇದಕ್ಕಿಂತ ಸ್ಪಷ್ಟವಾಗಿ ಈ ವಿದ್ಯೆಯ ಸೂತ್ರವನ್ನು ಯಾವ ಗ್ರಂಥವೂ ಬೋಧಿಸಲಾರದು.

ನೆಲದಿಂದ ಬಿಡಿಸಿಕೊಳ್ಳುವುದನ್ನು ಕಲಿತ ಕರ್ಟಿಸನು ನೀರಿನಿಂದ ಬಿಡಿಸಿಕೊಳ್ಳುವುದರ ಕಡೆಗೆ ತಿರುಗಿದನು. 1911ರ ಜನವರಿ 26ರಂದು ಸ್ಯಾನ್ ಡಿಯೇಗೋ ಕೊಲ್ಲಿಯಲ್ಲಿ ಅವನ ವಿಮಾನವು ನೀರಿನ ಮೇಲೆ ಓಡಿ ಎದ್ದಿತು. ಆದರೆ ದೋಣಿಯ ಆಕಾರದ ಒಡಲನ್ನು ಕಟ್ಟಿದಾಗ ಹೊಸ ತೊಡಕು ಕಾಣಿಸಿತು. ಎಂಜಿನ್ನು ಎಷ್ಟು ಗರ್ಜಿಸಿದರೂ ನೀರು ಒಡಲ ತಳವನ್ನು ಹೀರಿ ಹಿಡಿದುಕೊಳ್ಳುತ್ತಿದ್ದಿತು. ಬಲವನ್ನು ಹೆಚ್ಚಿಸಿ ಪ್ರಯೋಜನವಾಗಲಿಲ್ಲ. 1912ರಲ್ಲಿ ಒಡಲ ತಳದ ಮಧ್ಯದಲ್ಲಿ ಒಂದು ಮೆಟ್ಟಿಲನ್ನು ಕೊಟ್ಟು, ಅದರ ಹಿಂದೆ ಗಾಳಿ ನುಗ್ಗುವಂತೆ ಮಾಡಿದಾಗ ನೀರಿನ ಹಿಡಿತ ತಪ್ಪಿ ವಿಮಾನವು ಹಗುರವಾಗಿ ಎದ್ದಿತು. ಇಂದಿಗೂ ನೀರಿನಿಂದ ಏಳುವ ವಿಮಾನಗಳ ತಳದಲ್ಲಿ ಆ ಮೆಟ್ಟಿಲು ಇದೆ. 1919ರ ಮೇ ತಿಂಗಳಲ್ಲಿ ಅಟ್ಲಾಂಟಿಕ್ ಸಾಗರವನ್ನು ಹಂತಹಂತವಾಗಿ ದಾಟಿದ ಮೊದಲ ವಿಮಾನವಾದ ಎನ್‌ಸಿ-4 ಇದೇ ವಂಶದ್ದು.

ಇನ್ನು ಅವನ ಚರಿತ್ರೆಯ ಕಹಿ ಭಾಗಕ್ಕೆ ಬರಬೇಕು. ಮಹಾಪುರುಷರ ಜೀವನವನ್ನು ಬರೆಯುವಾಗ ಇಂಥ ಭಾಗವನ್ನು ಮುಚ್ಚುವುದು ವಾಚಕರಿಗೆ ಮಾಡುವ ಅಪಚಾರ. ರೈಟ್ ಸೋದರರು ವಿಮಾನವನ್ನು ಪಕ್ಕಕ್ಕೆ ಓಲಿಸಿ ಆಳುವ ತಮ್ಮ ವಿಧಾನಕ್ಕೆ ಸರ್ಕಾರದಿಂದ ಹಕ್ಕುಪತ್ರವನ್ನು ಪಡೆದಿದ್ದರು. ಕರ್ಟಿಸನ ರೆಕ್ಕೆಯ ಹಲಗೆಗಳು ಆ ಹಕ್ಕನ್ನು ಮೀರುತ್ತವೆಂದು 1909ರಲ್ಲಿ ಅವರು ವ್ಯಾಜ್ಯ ಹೂಡಿದರು. ವರ್ಷಗಟ್ಟಲೆ ನಡೆದ ಈ ಕಲಹದ ನಡುವೆ 1912ರಲ್ಲಿ ವಿಲ್ಬರ್ ರೈಟನು ವಿಷಮಶೀತಜ್ವರದಿಂದ ತೀರಿಕೊಂಡನು. 1914ರ ಜನವರಿಯಲ್ಲಿ ಮೇಲಿನ ನ್ಯಾಯಾಲಯವು ರೈಟರ ಪಕ್ಷಕ್ಕೆ ತೀರ್ಪು ಕೊಟ್ಟಿತು. ಆಗ ಕರ್ಟಿಸನು ಒಂದು ಉಪಾಯವನ್ನು ಹಿಡಿದನು. 1903ರಲ್ಲಿ ರೈಟರಿಗೆ ಕೆಲವೇ ದಿನಗಳ ಮೊದಲು ಪ್ರೊಫೆಸರ್ ಲ್ಯಾಂಗ್ಲಿಯ ವಿಮಾನವು ಎರಡನೆಯ ಸಲವೂ ಹಾರಲಾರದೆ ಪೊಟೋಮ್ಯಾಕ್ ನದಿಗೆ ಬಿದ್ದಿದ್ದಿತು. ಆ ಹಳೆಯ ಯಂತ್ರವು ಹಾರಬಲ್ಲದೆಂದು ತೋರಿಸಿದರೆ ರೈಟರ ಹಕ್ಕಿನ ಬಲ ಕುಗ್ಗೀತು. ಸ್ಮಿತ್ಸೋನಿಯನ್ ಸಂಸ್ಥೆಯ ಸಮ್ಮತಿಯಿಂದ ಅದನ್ನು ಹ್ಯಾಮಂಡ್ಸ್‌ಪೋರ್ಟಿಗೆ ತರಿಸಿ, ರೆಕ್ಕೆಗಳಲ್ಲಿಯೂ ಆಧಾರಗಳಲ್ಲಿಯೂ ಹಲವು ಮಾರ್ಪಾಟುಗಳನ್ನು ಮಾಡಿ, ತೇಲುಗಳನ್ನು ಕಟ್ಟಿ, 1914ರ ಮೇ 28ರಂದು ಕ್ಯೂಕಾ ಸರೋವರದ ಮೇಲೆ ಸುಮಾರು 150 ಅಡಿಗಳಷ್ಟು ನೆಗೆಸಿದನು. ಆ ನೆಗೆತದ ಆಧಾರದ ಮೇಲೆ ಸಂಸ್ಥೆಯು ಲ್ಯಾಂಗ್ಲಿಯ ಯಂತ್ರವನ್ನೇ ಹಾರಬಲ್ಲ ಪ್ರಥಮ ವಿಮಾನವೆಂದು ಪ್ರದರ್ಶನಕ್ಕೆ ಇಟ್ಟಿತು.

ನಮ್ಮ ದೃಷ್ಟಿಯಲ್ಲಿ ಕರ್ಟಿಸನ ಜೀವನದ ದೊಡ್ಡ ಲೋಪವೆಂದರೆ ಇದೇ. ಮೈದಾನದಲ್ಲಿ ಶಿಷ್ಯರ ನೆಗೆತವನ್ನು ಹಾರಾಟವೆಂದು ಎಂದೂ ಒಪ್ಪದಿದ್ದ ಗುರುವು, ವ್ಯಾಜ್ಯದ ಬಿಸಿಯಲ್ಲಿ ಒಂದು ನೆಗೆತವನ್ನೇ ಸಾಕ್ಷ್ಯವೆಂದು ಲೋಕದ ಮುಂದೆ ಇಟ್ಟನು. ಫಲವು ದೀರ್ಘವಾಗಿ ಕಾಡಿತು. ಆರ್ವಿಲ್ ರೈಟನು ಮನನೊಂದು, 1928ರಲ್ಲಿ ತಮ್ಮ ಮೂಲ ವಿಮಾನವನ್ನು ಲಂಡನ್ನಿನ ಮ್ಯೂಸಿಯಂಗೆ ಕಳುಹಿಸಿಬಿಟ್ಟನು. 1942ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯು 1914ರ ಮಾರ್ಪಾಟುಗಳ ಪಟ್ಟಿಯನ್ನು ಪ್ರಕಟಿಸಿ ತಪ್ಪನ್ನು ಒಪ್ಪಿಕೊಂಡ ಮೇಲೆಯೇ ಆ ವಿಮಾನವು ಸ್ವದೇಶಕ್ಕೆ ಮರಳುವ ದಾರಿ ತೆರೆಯಿತು. 1948ರಲ್ಲಿ ಅದು ವಾಷಿಂಗ್ಟನ್ನಿಗೆ ಮರಳಿತು. ಅದೇ ವರ್ಷದ ಜನವರಿಯಲ್ಲಿ ಆರ್ವಿಲನು ಗತಿಸಿದ್ದನು. ಮಹಾಯುದ್ಧದ ಅಗತ್ಯದಿಂದ 1917ರಲ್ಲಿ ವಿಮಾನ ಕಾರ್ಖಾನೆಗಳೆಲ್ಲವೂ ಹಕ್ಕುಗಳನ್ನು ಹಂಚಿಕೊಳ್ಳುವ ಏರ್ಪಾಟಾಗಿ ವ್ಯಾಜ್ಯ ತಣ್ಣಗಾಯಿತು. 1929ರಲ್ಲಿ ಕರ್ಟಿಸ್ ಮತ್ತು ರೈಟ್ ಹೆಸರುಗಳ ಎರಡು ಕಂಪನಿಗಳು ಒಂದಾದವು. ಮನುಷ್ಯರು ಕೂಡದಿದ್ದರೂ ಹೆಸರುಗಳು ಕೂಡಿದವು.

ಯುದ್ಧಕಾಲದಲ್ಲಿ ಕರ್ಟಿಸನ ಕಾರ್ಖಾನೆಯು ಸಾವಿರಗಟ್ಟಲೆ ತಯಾರಿಸಿದ ಜೆನ್ನಿ ಎಂಬ ಶಿಕ್ಷಣವಿಮಾನಕ್ಕೆ ಮೂತಿಯ ಗಾಲಿ ಇರಲಿಲ್ಲ. ಎಂಜಿನ್ನು ಮುಂದಕ್ಕೆ ಬಂದಿದ್ದಿತು. ಬೆನ್ನ ಹಿಂದಿನ ಎಂಜಿನ್ನು ಅಪಘಾತದಲ್ಲಿ ವೈಮಾನಿಕನ ಮೇಲೆಯೇ ಬೀಳುತ್ತಿದ್ದುದು ಇದಕ್ಕೆ ಒಂದು ಕಾರಣ. ಮುಂದೆ ಎರಡು ಗಾಲಿ, ಬಾಲದಡಿ ಒಂದು ಊರುಗೋಲು, ಇಷ್ಟೇ ಹಗುರವಾಗಿಯೂ ಒರಟು ಮೈದಾನಕ್ಕೆ ಅನುಕೂಲವಾಗಿಯೂ ಕಂಡಿತು. ಹೀಗೆ ಕರ್ಟಿಸನು ರೂಢಿಗೆ ತಂದ ಮೂರು ಗಾಲಿಯ ಕ್ರಮವು ಅವನ ಕಾಲದಲ್ಲಿಯೇ ಹಿಂದೆ ಸರಿಯಿತು. ಅದನ್ನು ಮತ್ತೆ ಎತ್ತಿದವರಲ್ಲಿ ಮುಖ್ಯನು ಫ್ರೆಡ್ ವೀಕ್ ಎಂಬ ಎಂಜಿನಿಯರು. ಅವನು ಸಹೋದ್ಯೋಗಿಗಳೊಡನೆ ಬಿಡುವಿನ ವೇಳೆಯಲ್ಲಿ ಕಟ್ಟಿ 1934ರಲ್ಲಿ ಹಾರಿಸಿದ ಡಬ್ಲ್ಯೂ-1 ಎಂಬ ವಿಮಾನಕ್ಕೆ ಮೂತಿಯ ಗಾಲಿ ಇದ್ದಿತು. ಮನೆಯ ಕೆಲಸದಂತೆ ಕಟ್ಟಿದ ವಿಮಾನವೊಂದರ ಮೂಲಕ ಈ ಕ್ರಮವು ಮರಳಿತೆಂಬುದು ಕರ್ಟಿಸನ ಅಂಗಡಿಯ ಪರಂಪರೆಗೆ ತಕ್ಕುದೇ ಆಗಿದೆ.

ಇಂದಿನ ಸಣ್ಣ ವಿಮಾನವನ್ನು ಕಟ್ಟುವವನಿಗೆ ಈ ಚರಿತ್ರೆಯಿಂದ ದೊರೆಯುವ ಶಿಕ್ಷಣವನ್ನು ಇಲ್ಲಿ ಸಂಗ್ರಹಿಸುತ್ತೇವೆ. ಇಂಥ ವಿಮಾನಗಳಲ್ಲಿ ಮೂತಿಯ ಗಾಲಿಯ ಕಾಲು ಬಹುವಾಗಿ ಸಪುರವಾದುದು. ಹೆಸರಾದ ಆರ್‌ವಿ ಮಾದರಿಗಳಲ್ಲಿ ಆ ಗಾಲಿಯು ಚುಕ್ಕಾಣಿಗೆ ಜೋಡಿಸಿರದೆ ತನ್ನಷ್ಟಕ್ಕೆ ತಿರುಗುತ್ತದೆ. ಆದಕಾರಣ ಓಟದ ಮೊದಲಲ್ಲಿ ಬ್ರೇಕಿನ ಸಣ್ಣ ಸ್ಪರ್ಶದಿಂದಲೂ, ಗಾಳಿ ಹಿಡಿದ ಮೇಲೆ ಚುಕ್ಕಾಣಿಯಿಂದಲೂ ದಾರಿಯನ್ನು ಕಾಯಬೇಕು. ಹುಲ್ಲಿನ ಮೇಲೆ, ಮೆತ್ತನೆಯ ಮಣ್ಣಿನ ಮೇಲೆ, ಆರಂಭದಿಂದಲೇ ಹಿಡಿಗೋಲನ್ನು ಹಿಂದಕ್ಕೆ ಹಿಡಿದು ಸಣ್ಣ ಗಾಲಿಯ ಭಾರವನ್ನು ಇಳಿಸಬೇಕು. ವೇಗ ಬೆಳೆದಂತೆ ಬಾಲದ ಬಲವೂ ಬೆಳೆಯುವುದರಿಂದ ಅದೇ ಹಿಡಿತವನ್ನು ಕ್ರಮವಾಗಿ ಸಡಿಲಿಸದಿದ್ದರೆ ಮೂತಿಯು ಹೆದರಿದ ಕುದುರೆಯಂತೆ ಮೇಲಕ್ಕೆ ನಿಲ್ಲುತ್ತದೆ. ಗಾಲಿಯು ನೆಲದಿಂದ ತುಸುವೇ ಬಿಟ್ಟಿರಲಿ. ಮಿಕ್ಕ ಕೆಲಸವನ್ನು ವೇಗವೇ ಮಾಡುತ್ತದೆ. ರೆಕ್ಕೆಯ ಅಗಲದಷ್ಟು ಎತ್ತರದೊಳಗೆ ನೆಲವು ಗಾಳಿಯನ್ನು ತಡೆದು ವಿಮಾನಕ್ಕೆ ಆಸರೆ ಕೊಡುತ್ತದೆ. ಆ ಆಸರೆಯಲ್ಲಿ ತೇಲಿದ ಮಾತ್ರಕ್ಕೆ ಏರಬಲ್ಲೆನೆಂದು ನಂಬಿದವನು ಮೈದಾನದ ಅಂಚಿನಲ್ಲಿ ಮೋಸಹೋಗುತ್ತಾನೆ. ನೆಲ ಬಿಟ್ಟ ಮೇಲೆಯೂ ಮೂತಿಯನ್ನು ತಗ್ಗಿಸಿ, ಏರಿಕೆಗೆ ತಕ್ಕ ವೇಗ ಕೂಡುವ ತನಕ ತಾಳಿ, ಬಳಿಕ ಏರಬೇಕು. ಮೈದಾನದ ಅರ್ಧದಲ್ಲಿ ತಕ್ಕ ವೇಗ ಬಾರದಿದ್ದರೆ ಎಂಜಿನ್ನನ್ನು ನಿಲ್ಲಿಸುವುದೇ ವಿವೇಕ. ಜುಲೈ 4ರ ಮೊದಲ ಪ್ರಯತ್ನದಲ್ಲಿ ಕರ್ಟಿಸನು ನಿಲ್ಲಿಸಲಿಲ್ಲವೇ?

ನಮ್ಮ ನಾಡಿಗೂ ಈ ವಿಷಯಕ್ಕೂ ಸಂಬಂಧವಿಲ್ಲದಿಲ್ಲ. ವಾಲ್‌ಚಂದ್ ಹಿರಾಚಂದರು 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿ, ಮೈಸೂರು ಸರ್ಕಾರವು ಪಾಲುದಾರನಾದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಮೊದಲ ವರ್ಷಗಳಲ್ಲಿ ಕೈಗೆತ್ತಿಕೊಂಡ ಕೆಲಸಗಳಲ್ಲಿ ಕರ್ಟಿಸ್ ಹೆಸರಿನ ಹಾಕ್ ಯುದ್ಧವಿಮಾನವೂ ಒಂದು. ಅದೇ ನಗರದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು 1987ರಲ್ಲಿ ಹಾರಿಸಿದ ಸಣ್ಣ ಸಂಶೋಧನಾವಿಮಾನವು, ಅಮೇರಿಕದಲ್ಲಿ ಮನೆಯಲ್ಲಿ ಕಟ್ಟುವವರಿಗಾಗಿ ಬರ್ಟ್ ರುಟಾನನು ರಚಿಸಿದ ಲಾಂಗ್ ಈಜ಼ಿ ಮಾದರಿಯನ್ನು ಅನುಸರಿಸಿದುದು. ಅದರಲ್ಲಿ ಪ್ರೊಪೆಲ್ಲರು ಹಿಂದೆ, ಎತ್ತರವನ್ನು ಆಳುವ ಸಣ್ಣ ರೆಕ್ಕೆ ಮುಂದೆ, ಮೂತಿಯ ಕೆಳಗೆ ಒಂದು ಗಾಲಿ. 1910ರ ಕರ್ಟಿಸ್ ವಿಮಾನವನ್ನು ಬಲ್ಲವನು ಈ ಜೋಡಣೆಯಲ್ಲಿ ಹಳೆಯ ಪರಿಚಯವನ್ನು ಕಾಣದಿರಲಾರನು. ಇಂಥ ಯಂತ್ರದಲ್ಲಿ ಪ್ರೊಪೆಲ್ಲರಿನ ಗಾಳಿಯು ಮುಂದಿನ ರೆಕ್ಕೆಗೆ ತಾಕುವುದಿಲ್ಲವಾದುದರಿಂದ ಓಟದ ವೇಗ ಕೂಡುವ ತನಕ ಮೂತಿಯು ಏಳುವುದೇ ಇಲ್ಲ. ಕಾಯುವ ಗುಣವನ್ನು ಅದು ತನ್ನ ರಚನೆಯಿಂದಲೇ ಕಲಿಸುತ್ತದೆ.

ಕರ್ಟಿಸನು ಕಡೆಯ ವರ್ಷಗಳನ್ನು ಫ್ಲಾರಿಡಾದಲ್ಲಿ ಕಳೆದನು. ಅಲ್ಲಿ ಹಯಾಲಿಯಾ, ಮಯಾಮಿ ಸ್ಪ್ರಿಂಗ್ಸ್, ಓಪಾ ಲಾಕಾ ಎಂಬ ಊರುಗಳನ್ನು ಕಟ್ಟಿಸುವುದರಲ್ಲಿ ತೊಡಗಿದನು. 1930ರ ಮೇ ತಿಂಗಳಲ್ಲಿ, ಹಡ್ಸನ್ ಯಾತ್ರೆಯ ಇಪ್ಪತ್ತನೆಯ ವರ್ಷದ ನೆನಪಿಗಾಗಿ, ಆಲ್ಬನಿಯಿಂದ ನ್ಯೂಯಾರ್ಕಿಗೆ ದೊಡ್ಡ ವಿಮಾನವೊಂದರಲ್ಲಿ ಮತ್ತೊಮ್ಮೆ ಹಾರಿದನು. ಎರಡು ತಿಂಗಳೊಳಗೆ, ಜುಲೈ 23ರಂದು, ಬಫಲೋ ನಗರದಲ್ಲಿ ಕರುಳಿನ ಶಸ್ತ್ರಚಿಕಿತ್ಸೆಯ ತರುವಾಯ ಅಕಸ್ಮಾತ್ತಾಗಿ ಮೃತನಾದನು. ಆಗ ಅವನಿಗೆ 52 ವರ್ಷ. ಯಾವ ಬಯಲಿನಿಂದ ಜೂನ್ ಬಗ್ ಎದ್ದಿದ್ದಿತೋ ಅದೇ ಕಣಿವೆಯ ಶ್ಮಶಾನದಲ್ಲಿ ಅವನ ಸಮಾಧಿಯಿದೆ.

ಅವನು ನಿರ್ದೋಷಿಯಾಗಿರಲಿಲ್ಲ, ಆದರೆ ತನ್ನ ಯಂತ್ರದ ಮೇಲೆ ಕುಳಿತಿದ್ದಾಗ ಅವನು ತನ್ನನ್ನು ತಾನು ವಂಚಿಸಿಕೊಳ್ಳಲಿಲ್ಲ. ಸ್ವಹಸ್ತದಿಂದ ವಿಮಾನವನ್ನು ಕಟ್ಟಿದ ಮನುಷ್ಯನಿಗೆ ಅದನ್ನು ಹಾರಿಸಿ ತೋರಿಸುವ ಆತುರ ಸಹಜ. ನೋಡಲು ನೆಂಟರು ಬಂದಿರುತ್ತಾರೆ, ವರ್ಷಗಳ ಶ್ರಮವೂ ಹಣವೂ ಅದರಲ್ಲಿ ಸೇರಿರುತ್ತದೆ. ಆ ಆತುರವನ್ನು ಗಾಲಿಗಳು ಉರುಳುವ ಮೊದಲೇ ಬದಿಗಿಟ್ಟು ಹೊರಡಬಲ್ಲವನು ಸಂಜೆ ಮನೆಗೆ ಮರಳುತ್ತಾನೆ. ಈ ಉದ್ಯಮದಲ್ಲಿ ಕೈಯಿಟ್ಟಿರುವ ನಮ್ಮ ತರುಣರು ಕರ್ಟಿಸನ ಎಂಜಿನ್ನುಗಳನ್ನು ಮೆಚ್ಚುವುದರೊಡನೆ ಅವನ ಹುಲ್ಲುಗಾವಲಿನ ಪಾಠವನ್ನೂ ಅಭ್ಯಾಸ ಮಾಡಲೆಂದು ನಾವು ಹಾರೈಸುತ್ತೇವೆ.